ಕಿಟಕಿಯೊಳಗಿನ ಅಂಪೈರ್

ಅತ್ತಿಗೆಯ ಸೀರೆಯೊಂದನ್ನು ಅಣ್ಣ ಬಸ್ಸಿನಲ್ಲಿ ಬರುವವರ ಕೈಲಿ ಕಳಿಸಿಕೊಟ್ಟ. ಕಾರ್ಯ ಮುಗಿದ ಮೇಲೆ ತೀರಿಕೊಂಡವರ ಬಟ್ಟೆಯನ್ನು ಹತ್ತಿರದವರಿಗೆ ಹಂಚುವುದು ನಮ್ಮ ಮನೆಯ ವಾಡಿಕೆ. ಸುತ್ತಿದ್ದ ಕಾಗದ ಬಿಚ್ಚಿದೊಡನೆ ವಾಸನೆ ಬಂತು. ಗಂಜಿ, ಹೊಸ ರೇಷ್ಮೆ, ಅದರ ಅಡಿಯಲ್ಲೆಲ್ಲೋ ತಣ್ಣನೆಯ ಮಣ್ಣು... ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡಿದ ಮನೆಗಳಲ್ಲಿ ಬೆಳೆದವರಿಗೆ ಆ ವಾಸನೆ ಗೊತ್ತು. ಸೀರೆ ಅವಳೇ ನೇಯ್ದದ್ದು. ಒಮ್ಮೆಯೂ ಉಟ್ಟಿರಲಿಲ್ಲ. ಮಡಿಕೆ ಬಿಚ್ಚದೆ ಹಾಗೇ ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದೆ.

ಅತ್ತಿಗೆ ಕಲ್ಯಾಣದುರ್ಗದವಳು. ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ಹಿಂದೂಪುರದ ನಮ್ಮ ಮನೆಗೆ ಸೊಸೆಯಾಗಿ ಬಂದಳು. ನಾನಾಗ ಹತ್ತನೆಯ ತರಗತಿ ಮುಗಿಸಿ, ಮನೆಯಲ್ಲಿ ಕೂತು ಮಗ್ಗದ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಅಪ್ಪ ಇರಲಿಲ್ಲ. ಅಮ್ಮ, ಅಣ್ಣ, ನಾನು, ಎರಡು ಮಗ್ಗ. ಅಣ್ಣನ ಮಗ್ಗ ಒಳಕೋಣೆಯಲ್ಲಿ, ಅತ್ತಿಗೆಗೆ ಕೊಟ್ಟದ್ದು ಮುಂದಿನ ಕೋಣೆಯಲ್ಲಿ, ಕಿಟಕಿಗೆ ಒತ್ತಿಕೊಂಡಂತೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಸೊಂಟದವರೆಗೆ ಮನುಷ್ಯ ನೆಲದೊಳಗೇ ಇರುತ್ತಾನೆ. ಬೆಳಕು ನೂಲಿನ ಮೇಲೆ ಬೀಳಲೆಂದು ಕಿಟಕಿಯನ್ನೂ ತಗ್ಗಿನಲ್ಲೇ ಇಟ್ಟಿದ್ದರು. ಹಾಗಾಗಿ ಅಲ್ಲಿ ಕೂತವಳಿಗೆ ಬೀದಿಯಲ್ಲಿ ಕಾಣುತ್ತಿದ್ದದ್ದು ಜನರ ಮುಖವಲ್ಲ, ಕಾಲು. ನಾಯಿಗಳ ಮುಖ ಮಾತ್ರ ಸರಿಯಾಗಿ ಕಾಣುತ್ತಿತ್ತು ಎಂದು ಅವಳೇ ನಗುತ್ತಿದ್ದಳು.

ನಮ್ಮ ಬೀದಿ ನೇರವಾಗಿ ಬಂದು ನಮ್ಮ ಮನೆಗೇ ಢಿಕ್ಕಿ ಹೊಡೆದು ನಿಲ್ಲುತ್ತಿತ್ತು. ಅಂಥ ಮನೆಯನ್ನು ನಮ್ಮ ಕಡೆ ವೀದಿಪೋಟು ಅನ್ನುತ್ತಾರೆ, ಒಳ್ಳೆಯದಲ್ಲ ಅನ್ನುತ್ತಾರೆ. ದೋಷ ಒಳಗೆ ಬರದಿರಲೆಂದು ಅಮ್ಮ ಬಾಗಿಲ ಪಕ್ಕ ಒಂದು ಪುಟ್ಟ ಗಣಪತಿ ಕೂರಿಸಿದ್ದಳು. ದೋಷ ಬಂತೋ ಇಲ್ಲವೋ, ಚೆಂಡು ಮಾತ್ರ ದಿನಾ ಬರುತ್ತಿತ್ತು.

ಬಿಳಿಯರು ಬಿಟ್ಟುಹೋದ ಆಟಗಳಲ್ಲಿ ಟೆನಿಸ್ ನಮ್ಮೂರಲ್ಲಿ ಆಫೀಸರುಗಳ ಕ್ಲಬ್ಬಿನ ಗೋಡೆ ದಾಟಲಿಲ್ಲ. ಗೋಡೆಯಾಚೆ ಚೆಂಡು ಟಪ್ ಟಪ್ ಅನ್ನುವುದು ಕೇಳುತ್ತಿತ್ತು, ಅಷ್ಟೇ. ಹಾಕಿ ಸ್ಕೂಲಿನ ಕೋಣೆಯಲ್ಲಿ ಒಂದಷ್ಟು ಬಾಗಿದ ಕೋಲುಗಳಾಗಿ ಮೂಲೆ ಸೇರಿತ್ತು. ಕ್ರಿಕೆಟ್ ಒಂದು ಮಾತ್ರ ಬೀದಿಗೆ ಬಂತು. ನಾನು ಚಿಕ್ಕವಳಿದ್ದಾಗ ಹುಡುಗರು ಚಿನ್ನಿದಾಂಡು ಆಡುತ್ತಿದ್ದದ್ದು ನೆನಪಿದೆ. ಅತ್ತಿಗೆ ಬರುವ ಹೊತ್ತಿಗೆ ಅದನ್ನು ಆಡುವವರೇ ಇರಲಿಲ್ಲ. ಮ್ಯಾಚು ಇದ್ದ ದಿನ ಎದುರು ಕಿರಾಣಿ ಅಂಗಡಿಯ ಟಿವಿ ಮುಂದೆ ಸಕ್ಕರೆ ಕೊಳ್ಳಲು ಬಂದವರೂ ನಿಂತುಬಿಡುತ್ತಿದ್ದರು. ಭಾನುವಾರ ಮಗ್ಗದವರು, ಆಟೋದವರು, ಕಾಲೇಜಿನವರು ಎಲ್ಲರೂ ನಮ್ಮ ಬೀದಿಯಲ್ಲೇ. ಅಣ್ಣನಿಗಂತೂ ಹುಚ್ಚು. ಬಡಗಿಯ ಹತ್ತಿರ ಬೇವಿನ ಮರದ ಬ್ಯಾಟು ಮಾಡಿಸಿಕೊಂಡಿದ್ದ. ಅದರ ಭಾರಕ್ಕೆ ಅವನ ಭುಜ ವಾರವೆಲ್ಲ ನೋಯುತ್ತಿತ್ತು.

ಬೌಲಿಂಗ್ ನಮ್ಮ ಜಗಲಿಯ ಕಡೆಯಿಂದ. ಆಚೆ ತುದಿಯಲ್ಲಿ ವಿಕೆಟ್ಟಿಗೆ ಒಂದು ಡಬ್ಬ. ಜಗಳ ಆಗದ ದಿನವಿರಲಿಲ್ಲ. ಹಾಗೆ ಒಂದು ದಿನ ಔಟೋ ಅಲ್ಲವೋ ಎಂದು ಇಬ್ಬರು ಕಾಲರು ಹಿಡಿದುಕೊಂಡಿದ್ದಾಗ ನಮ್ಮ ಕಿಟಕಿಯಿಂದ ಹೆಣ್ಣು ದನಿ ಬಂತು. "ಔಟ್ ಕಣ್ಲಾ. ಬ್ಯಾಟಿಗೆ ತಾಗೇ ಹೋಯ್ತು. ಸುಮ್ಕೆ ಹೋಗು." ಬೀದಿಯೆಲ್ಲ ತಿರುಗಿ ನೋಡಿತು. ಮದುವೆಯಾಗಿ ತಿಂಗಳುಗಳಷ್ಟೇ ಆಗಿದ್ದ ಸೊಸೆ, ಮಗ್ಗದಲ್ಲಿ ಕೂತವಳು... ಔಟಾದ ಹುಡುಗ ಬ್ಯಾಟು ಕೊಟ್ಟು ಹೋದ. ಅಂದಿನಿಂದ ಯಾವ ಚೆಂಡಿಗೆ ತಕರಾರು ಬಂದರೂ ಕಿಟಕಿಗೆ ಓಡಿ ಬರುತ್ತಿದ್ದರು. "ವದಿನಾ, ಔಟಾ ಕಾದಾ?" ಅತ್ತಿಗೆ, ಔಟೋ ಅಲ್ಲವೋ ಎಂದು ತೆಲುಗಿನಲ್ಲಿ ಕೇಳುವುದು. ಔಟಾದರೆ ಅವಳ ಬೆರಳು ಕಿಟಕಿಯ ಸರಳಿನ ನಡುವಿನಿಂದ ಹೊರಗೆ ಬರುತ್ತಿತ್ತು. ಇಲ್ಲದಿದ್ದರೆ ಬರುತ್ತಿರಲಿಲ್ಲ. ಬಣ್ಣದ ಕಲೆ ಹತ್ತಿದ ಒಂದು ಬೆರಳು. ಅವಳ ಮೈಯಲ್ಲಿ ಆ ಮನೆಯಿಂದ ದಿನಾ ಹೊರಗೆ ಹೋಗಿ ಬರುತ್ತಿದ್ದದ್ದು ಅದೊಂದೇ.

ಅಮ್ಮ ಕೆಟ್ಟವಳಲ್ಲ. ಆದರೆ ಅಡಿಗೆಮನೆಯಲ್ಲಿ ಕೂತೇ ಮಗ್ಗದ ಸದ್ದನ್ನು ಕೇಳುತ್ತಿದ್ದಳು. ಲಾಳಿ ಓಡುವ ಸದ್ದು, ಹಲಗೆ ಬಡಿಯುವ ಸದ್ದು. ಅದು ನಿಂತರೆ ಒಗ್ಗರಣೆ ಹಾಕುತ್ತಲೇ ಕೂಗುತ್ತಿದ್ದಳು. "ಯಾಕಮ್ಮೀ ಮಗ್ಗ ನಿಂತೋಯ್ತು?" ಅತ್ತಿಗೆ ಒಂದು ಉಪಾಯ ಕಂಡುಕೊಂಡಳು. ಬೌಲರ್ ಓಡಿ ಬರುವಾಗ ಲಾಳಿ ಎಸೆಯುವುದು, ಚೆಂಡು ಕೈಬಿಟ್ಟ ಕ್ಷಣ ಕೈ ತಡೆದು ನೋಡುವುದು, ಮತ್ತೆ ಎಸೆಯುವುದು. ಆಮೇಲಾಮೇಲೆ ಬೌಲಿಂಗ್ ಮಾಡುವ ಹುಡುಗರೇ ಮಗ್ಗದ ಸದ್ದಿಗೆ ಹೆಜ್ಜೆ ಕೂಡಿಸಿಕೊಂಡು ಓಡಿಬರುವುದು ರೂಢಿಯಾಯಿತು. ಒಳಗೆ ಅಮ್ಮನಿಗೂ ಸದ್ದು ನಿಂತದ್ದು ತಿಳಿಯುತ್ತಿರಲಿಲ್ಲ.

ಇದೆಲ್ಲ ಎಲ್ಲಿ ಕಲಿತೆ ಎಂದು ಕೇಳಿದ್ದೆ. ಅವಳಪ್ಪ ಕಲ್ಯಾಣದುರ್ಗದ ಮೈದಾನದಲ್ಲಿ ಅಂಪೈರ್ ನಿಲ್ಲುತ್ತಿದ್ದನಂತೆ. ಸಂಬಳದ ಕೆಲಸವಲ್ಲ. ಬೆಳುಗುಪ್ಪದಿಂದ, ಬ್ರಹ್ಮಸಮುದ್ರದಿಂದ ಟೀಮುಗಳು ಬಂದರೆ ಇವನನ್ನೇ ಕರೆಯುತ್ತಿದ್ದರು. ಬಿಳಿ ಅಂಗಿ ಹಾಕಿಕೊಂಡು ಹೋಗಿ ಬಿಸಿಲಲ್ಲಿ ನಿಂತು, ಒಂದು ಸೋಡಾ ಕುಡಿದು ಬರುವುದು. ಮಗಳನ್ನು ಜೊತೆಗೆ ಕರೆದೊಯ್ಯುತ್ತಿದ್ದ. ದಾರಿಯುದ್ದಕ್ಕೂ ಅವಳನ್ನೇ ಕೇಳುವುದು. "ಏನಮ್ಮಾ, ಅದು ಔಟಾ? ಯಾಕೆ ಔಟು?"

ಅವನ ಹಿರಿಯರ ಕತೆಯೊಂದನ್ನು ಅತ್ತಿಗೆ ನೇಯುತ್ತಾ ಹೇಳುತ್ತಿದ್ದಳು. ಬಿಳಿ ದೊರೆಯೊಬ್ಬ ಕಲ್ಯಾಣದುರ್ಗದ ಕಡೆ ಕ್ಯಾಂಪಿಗೆ ಬಂದು ಡೇರೆ ಹಾಕಿದಾಗಲೆಲ್ಲ ಸಂಜೆ ಕ್ರಿಕೆಟ್ ಆಡುತ್ತಿದ್ದನಂತೆ. ಜೊತೆಗೆ ಬಿಳಿಯರಿಲ್ಲ. ಹಾಗಾಗಿ ಗುಮಾಸ್ತರು, ಜವಾನರು, ಡೇರೆ ಹೊರುವವರು ಆಡಬೇಕು.

"ಬ್ಯಾಟಿಂಗ್ ದೊರೆದು, ಬಿಸ್ಲು ನಮ್ದು," ಎಂದು ಅತ್ತಿಗೆ ಅಪ್ಪನ ಹಾಗೆಯೇ ಹೇಳಿ ನಗುತ್ತಿದ್ದಳು. "ನಮ್ಮ ಮುತ್ತಾತ ಒಂದಿನ ಅಂಪೈರ್ ನಿಂತಿದ್ನಂತೆ. ದೊರೆ ಬ್ಯಾಟಿಗೆ ತಾಗಿ ಗುಮಾಸ್ತನ ಕೈಗೆ ಬಿತ್ತು. ಗುಮಾಸ್ತ ಚೆಂಡನ್ನ ಕೆಂಡ ಹಿಡ್ದಂಗೆ ಹಿಡ್ಕಂಡು ನಿಂತವ್ನೆ. ಒಬ್ರೂ ಉಸ್ರಿಲ್ಲ. ನಮ್ಮ ಮುತ್ತಾತನಿಗೆ ಇಂಗ್ಲೀಸು ಬತ್ತಿದ್ದದ್ದೇ ಒಂದು ಮಾತು. ಅಂದ್ಬುಟ್ಟ. ಔಟ್ ದೊರೆ."

"ಹೊಡೀಲಿಲ್ವಾ?"

"ಹೊಡಿಯೋಕೆ ಅದೇನು ಕಂದಾಯವಾ? ಆಟ ಕಣಮ್ಮ. ಬ್ಯಾಟು ಕಂಕ್ಳಾಗೆ ಇಟ್ಕಂಡು ಡೇರೆ ಒಳಕ್ಕೆ ಹೋದ್ನಂತೆ. ಮಾರ್ನೆ ದಿನ ಮಾತ್ರ, ನೀನು ನಾಳಿಂದ ಕ್ಯಾಂಪಿಗೆ ಬರಬ್ಯಾಡ ಅಂತ ಹೇಳಿ ಕಳಿಸಿದ್ರಂತೆ."

ನಿಜವೋ, ಆ ಮನೆಯವರು ಕಟ್ಟಿಕೊಂಡದ್ದೋ... ಅವಳಪ್ಪನಿಗೆ ಅದು ದೇವರ ಕತೆಯ ಹಾಗೆ ಇತ್ತು. ಮಗಳಿಗೂ.

ಮದುವೆಯಾಗಿ ಎರಡನೆಯ ವರ್ಷ ಅವಳಪ್ಪನಿಗೆ ಲಕ್ವ ಹೊಡೆಯಿತು. ಕಿರಾಣಿ ಅಂಗಡಿಯ ಫೋನಿಗೆ ಕರೆ ಬರುತ್ತಿತ್ತು. ಅತ್ತಿಗೆ ಸೆರಗು ಸುತ್ತಿಕೊಂಡು ಓಡುತ್ತಿದ್ದಳು, ನಾನು ಹಿಂದೆ. ಆ ಕಡೆಯಿಂದ ತೊದಲುತ್ತ ಕೇಳುತ್ತಿದ್ದದ್ದು ಒಂದೇ. ಯಾವಾಗ ಬತ್ತೀಯಮ್ಮ? ಅತ್ತಿಗೆಯ ಉತ್ತರವೂ ಒಂದೇ. "ಹಾಸು ಮುಗೀಲಿ ಅಪ್ಪ, ಬತ್ತೀನಿ."

ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದಿರುವ ನೂಲು. ಅರ್ಧ ಹಾಸನ್ನು ಮಗ್ಗದ ಮೇಲೆ ಬಿಟ್ಟು, ಅದನ್ನು ಹಿಡಿದ ಹೆಂಗಸು ಊರು ಬಿಡಬಾರದು ಎಂಬುದು ಅಮ್ಮನ ನಂಬಿಕೆ, ಅವಳ ಅತ್ತೆಯಿಂದ ಬಂದದ್ದು. ಬಿಟ್ಟರೆ ಮನೆಗೆ ಆಗಿಬರುವುದಿಲ್ಲ. ಅತ್ತಿಗೆ ಕೇಳಿದಾಗಲೆಲ್ಲ ಅಮ್ಮ ಮೆತ್ತಗೇ ಹೇಳುತ್ತಿದ್ದಳು. "ನಿಮ್ಮಪ್ಪನ್ನ ನೋಡಬ್ಯಾಡ ಅಂತೀನಾ ನಾನು? ಹಾಸು ಮುಗಿಸ್ಕಂಡು ಹೋಗಮ್ಮ." ಅಣ್ಣನನ್ನು ಕೇಳಿದರೆ, ಅಮ್ಮ ಏನಂತಾಳೆ ಕೇಳು ಅನ್ನುತ್ತಿದ್ದ.

ಆದರೆ ಹಾಸು ಮುಗಿಯುವುದೇ ಇಲ್ಲ. ಮಗ್ಗದ ಕೆಲಸ ತಿಳಿದವರಿಗೆ ಇದು ಗೊತ್ತು. ಹಳೆಯ ಹಾಸು ಗೇಣುದ್ದ ಉಳಿದಿರುವಾಗಲೇ, ಅದರ ತುದಿಯ ಒಂದೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಸೇರಿಸಿಬಿಡುತ್ತಾರೆ. ಅದಕ್ಕೆ ಕೆಚ್ಚುವುದು ಎಂದು ಹೆಸರು. ಹಾಗೆ ಮಾಡದಿದ್ದರೆ ಎಲ್ಲ ಎಳೆಗಳನ್ನೂ ಮೊದಲಿನಿಂದ ಪೋಣಿಸಬೇಕು, ದಿನಗಟ್ಟಲೆ ಕೆಲಸ. ಪಕ್ಕದ ಬೀದಿಯಿಂದ ಕೆಚ್ಚುವ ಹೆಂಗಸು ಬೂದಿಯ ಬಟ್ಟಲು ಹಿಡಿದು ಬಂದಳೆಂದರೆ ಅತ್ತಿಗೆಯ ಮುಖ ಸಣ್ಣದಾಗುತ್ತಿತ್ತು. ಯಾರೂ ಹೋಗಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ನನಗೆ ಆ ಮನೆ ಉಸಿರು ಕಟ್ಟಿಸುತ್ತಿತ್ತು ಎಂದು ತಿಳಿದದ್ದೇ ಆಗ. ಬಾಗಿಲು ತೆರೆದೇ ಇತ್ತು...

ಬೇಸಿಗೆಯಲ್ಲಿ ಆಚೆ ಬೀದಿಯವರ ಮೇಲೆ ದೊಡ್ಡ ಮ್ಯಾಚು ಇಟ್ಟುಕೊಂಡರು. ಸೋತವರು ಗೆದ್ದವರಿಗೆಲ್ಲ ಬಿರಿಯಾನಿ ಹಾಕಿಸಬೇಕು. ಆಚೆ ಬೀದಿಯವರು ಪರಿಗಿಯಿಂದ ಜೋರು ಬೌಲಿಂಗಿನ ನೆಂಟನೊಬ್ಬನನ್ನು ಕರೆಸಿದ್ದರು. ಅಂಪೈರ್ ಯಾರೆಂಬ ಮಾತು ಬಂದಾಗ ಅವರೇ ಅಂದರು, ಕಿಟಕಿ ವದಿನಮ್ಮನೇ ಇರಲಿ, ಆಯಮ್ಮ ಸುಳ್ಳು ಹೇಳಲ್ಲ.

"ಗಂಡನ್ನ ಔಟ್ ಕೊಡ್ತಾಳಾ?" ಎಂದು ಯಾರೋ ಕೆಣಕಿದರು.

ಅಣ್ಣ ಬ್ಯಾಟು ತಿರುಗಿಸುತ್ತಾ ಎಲ್ಲರಿಗೂ ಕೇಳುವಂತೆ ಅಂದ. "ಕೊಡ್ಲಿ ನೋಡನ! ಕೊಟ್ರೆ ನಾಳೆ ಬೆಳಗ್ಗೆ ಮೊದಲ್ನೇ ಬಸ್ಸಿಗೆ ತವರಿಗೆ ಹತ್ತಿಸ್ಬುಡ್ತೀನಿ. ಹಾಸೂ ಬ್ಯಾಡ, ಗೀಸೂ ಬ್ಯಾಡ."

ಎಲ್ಲರೂ ನಕ್ಕರು. ಹೆಂಡತಿಯನ್ನು ತವರಿಗೆ ಕಳಿಸುತ್ತೇನೆ ಎನ್ನುವುದು ನಮ್ಮಲ್ಲಿ ಗಂಡಂದಿರು ಹಾಕುವ ಹಳೆಯ ಬೆದರಿಕೆ. ಜಗಲಿಯ ಮೇಲೆ ಕೂತಿದ್ದ ಅಮ್ಮನೂ ನಕ್ಕಳು. ನಾನು ಒಳಗೆ ಕಂಡಿಕೆ ಸುತ್ತುತ್ತಿದ್ದೆ. ಅತ್ತಿಗೆ ನಗಲಿಲ್ಲ. ಅವಳ ಕೈಯಲ್ಲಿದ್ದ ಲಾಳಿ ಹಾಗೇ ನಿಂತಿತ್ತು. ಅಣ್ಣ ಬಾಯಿ ಮಾತಿಗೆ ಕಟ್ಟುಬೀಳುವ ಮನುಷ್ಯ. ಊರ ಮುಂದೆ ಅಂದದ್ದನ್ನು ಮಾಡಿಯೇ ಮಾಡುತ್ತಿದ್ದ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ಆಟದ ಕೊನೆಗೆ ಅಣ್ಣ ಒಬ್ಬನೇ ಉಳಿದಿದ್ದ. ಇನ್ನು ಕೆಲವೇ ರನ್ನು ಬೇಕು. ಪರಿಗಿಯವನು ನಮ್ಮ ಗೋಡೆಗೆ ಬೆನ್ನು ತಾಗಿಸಿ ನಿಂತು, ಓಡಿ ಬಂದು ಎಸೆದ. ಅಣ್ಣ ಬೀಸಿದ. ಟಕ್ ಎಂದು ಸದ್ದಾಯಿತು. ಚೆಂಡು ಹಿಂದೆ ನಿಂತವನ ಕೈಯಲ್ಲಿತ್ತು. ಆಚೆ ಬೀದಿಯವರೆಲ್ಲ ಒಟ್ಟಿಗೆ ಅರಚಿ ಕಿಟಕಿಯ ಕಡೆ ತಿರುಗಿದರು.

ನಾನು ಅತ್ತಿಗೆಯ ಪಕ್ಕದಲ್ಲೇ ಇದ್ದೆ. ಕಿಟಕಿಯ ಬೆಳಕು ಅವಳ ಮುಖದ ಮೇಲಿತ್ತು. ಬೆರಳೊಂದು ಎತ್ತಿದರೆ ಸಾಕು. ಅದು ಔಟಲ್ಲ ಎನ್ನುವವರು ಆ ಬೀದಿಯಲ್ಲಿ ಅಣ್ಣನ ಹೊರತು ಒಬ್ಬರೂ ಇರಲಿಲ್ಲ. ನಮ್ಮ ಕಡೆಯ ಹುಡುಗರೂ ಆಗಲೇ ತಲೆ ತಗ್ಗಿಸಿದ್ದರು. ಅವಳ ಕೈ ಮಗ್ಗದ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

"ಔಟಲ್ಲ," ಅಂದಳು. "ಬ್ಯಾಟು ತಾಗಿದ್ದು ನೆಲದ ಕಲ್ಲಿಗೆ."

ಗದ್ದಲವೆದ್ದಿತು. ಆದರೂ ಅಂಪೈರ್ ಮಾತು ಎಂದು ಆಡಿದರು. ಮುಂದಿನ ಚೆಂಡುಗಳಲ್ಲಿ ಅಣ್ಣ ರನ್ನು ಹೊಡೆದು ಗೆಲ್ಲಿಸಿದ. ಆಚೆ ಬೀದಿಯವರು ಹೋಗುತ್ತ ನಮ್ಮ ಕಿಟಕಿಯ ಮುಂದೆ ನಿಂತು ಕೂಗಿದರು. "ಮೊಗುಡಿ ಅಂಪೈರ್! ಗಂಡನ ಅಂಪೈರ್! ತವರಿಗೆ ಹೋಗಕ್ಕೆ ಭಯ ಆಯ್ತೇನಮ್ಮಾ?" ಅತ್ತಿಗೆ ಲಾಳಿ ಎಸೆಯತೊಡಗಿದಳು.

ಸಂಜೆ ಅಣ್ಣ ಮಲ್ಲಿಗೆ ಹೂವನ್ನೂ ಬಜ್ಜಿಯ ಪೊಟ್ಟಣವನ್ನೂ ತಂದ. ಅಷ್ಟು ಸಂತೋಷವಾಗಿದ್ದ ಅವನನ್ನು ನಾನು ಕಂಡಿರಲಿಲ್ಲ. ಕುಣಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅವಳ ಕೈಗೆ ಹೂವು ಕೊಟ್ಟ.

"ಎದ್ರಿಕೊಂಡ್ಬುಟ್ಯಾ? ತಮಾಸೆಗೆ ಅಂದೆ ಕಣೆ. ನಿನ್ನ ಬಿಟ್ಟು ನಾನಿರ್ತೀನಾ? ಎಲ್ಲೂ ಕಳ್ಸಲ್ಲ ಬಿಡು."

ಅವನ ದನಿಯಲ್ಲಿ ಅಷ್ಟು ಪ್ರೀತಿಯಿತ್ತು. ಅತ್ತಿಗೆ ಹೂವು ಮುಡಿದುಕೊಂಡಳು.

ಮರುದಿನ ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ನಾನು ತಡೆಯಲಾರದೆ ಕೇಳಿದೆ. "ಔಟ್ ಅಂದಿದ್ರೆ ಇಷ್ಟೊತ್ತಿಗೆ ಬಸ್ಸಲ್ಲಿ ಇರ್ತಿದ್ದೆ ಅಲ್ವಾ ಅತ್ತಿಗೆ?"

"ತಾಗಿರ್ಲಿಲ್ಲ ಕಣಮ್ಮ," ಅಂದಳು. ಬೂದಿ ಹಚ್ಚಿದ ಚೊಂಬನ್ನು ಉಜ್ಜುತ್ತಲೇ ಇದ್ದಳು. ತೊಳೆದು ಬೋರಲು ಹಾಕುತ್ತ ಅಂದಳು. "ಹೋದೆ ಅನ್ಕೋ. ನಮ್ಮಪ್ಪ ಮೊದಲು ಕೇಳೋದೇ ಅದು. ಹೆಂಗೆ ಬಂದೆ ಅಂತ. ಮ್ಯಾಚಿನ ಕತೆ ಹೇಳ್ಬೇಕು. ಏನಮ್ಮಾ, ಅದು ಔಟಾ ಅಂತಾನೆ. ಏನಂತ ಹೇಳ್ಲಿ?"

ಆ ಮ್ಯಾಚಿನ ನಂತರ ಕಿಟಕಿಗೆ ಯಾರೂ ಬರಲಿಲ್ಲ. ಬೀದಿಯ ಹುಡುಗರಿಗೂ ಒಳಗೊಳಗೆ ಅವಳು ಗಂಡನನ್ನು ಉಳಿಸಿದಳೆಂದೇ ಇತ್ತು. ಗೆದ್ದವರಾದ್ದರಿಂದ ಬಾಯಿ ಬಿಡಲಿಲ್ಲ, ಅಷ್ಟೇ. ತಮ್ಮ ತಮ್ಮಲ್ಲೇ ಒಬ್ಬನನ್ನು ಅಂಪೈರ್ ನಿಲ್ಲಿಸಿಕೊಂಡರು. ಆಮೇಲೆ ಆಟವನ್ನು ಬೀದಿಯಿಂದ ಬಯಲಿಗೆ ಒಯ್ದರು. ಮಗ್ಗ ನಿಲ್ಲದೆ ನಡೆಯಿತು. ಅಮ್ಮ ಒಂದು ದಿನ ಬಂದವರ ಮುಂದೆ, ನಮ್ಮ ಸೊಸೆ ಈಗ ಒಳ್ಳೆ ಕೆಲಸಗಾತಿಯಾದಳು ಅಂದಳು.

ಆ ಹಾಸು ಮುಗಿಯುತ್ತ ಬಂದಿತ್ತು. ಅತ್ತಿಗೆ ಚೀಲದಲ್ಲಿ ಎರಡು ಸೀರೆ ಇಟ್ಟುಕೊಂಡಿದ್ದಳು. ಮದುವೆ ಕಾಲ, ಬೇಗ ಬೇಕೆಂದು, ನೂಲು ಕೊಟ್ಟು ನೇಯಿಸಿಕೊಳ್ಳುವ ಸಾಹುಕಾರ ಹೊಸ ಹಾಸು ಕಳಿಸಿದ. ಕೆಚ್ಚುವ ಹೆಂಗಸು ಬೂದಿಯ ಬಟ್ಟಲು ಇಟ್ಟುಕೊಂಡು ಕೂತಳು. ಅತ್ತಿಗೆ ಚೀಲದಿಂದ ಸೀರೆ ತೆಗೆದು ಮತ್ತೆ ಹಗ್ಗದ ಮೇಲೆ ಹಾಕಿದಳು.

ಅದು ಅರ್ಧಕ್ಕೆ ಬಂದಿದ್ದಾಗ ಒಂದು ಬೆಳಗ್ಗೆ ಕಿರಾಣಿ ಅಂಗಡಿಯವನೇ ಬಂದು ಬಾಗಿಲಲ್ಲಿ ನಿಂತ. ಫೋನ್ ಬಂದಿದೆ ಅನ್ನಲಿಲ್ಲ. ಅಣ್ಣನನ್ನು ಪಕ್ಕಕ್ಕೆ ಕರೆದು ಮಾತಾಡಿದ. ಅಮ್ಮ ಒಳಗಿನಿಂದ ಓಡಿ ಬಂದು ಅತ್ತಿಗೆಯನ್ನು ಕುಣಿಯಿಂದ ಕೈಹಿಡಿದು ಎತ್ತಿದಳು. "ಏಳಮ್ಮ, ಏಳು, ಹೊರಡು," ಎಂದು ಅತ್ತಳು. ನಾವು ನಾಲ್ವರೂ ಹೊರಟೆವು. ಮಗ್ಗದ ಮೇಲೆ ಅರ್ಧ ಹಾಸು ಹಾಗೇ ಇತ್ತು. ಯಾರೂ ಅದರ ಮಾತೆತ್ತಲಿಲ್ಲ.

ಪಾವಗಡ ದಾಟಿ ಬಸ್ಸು ಹೋಗುತ್ತಿತ್ತು. ಅತ್ತಿಗೆ ಅಳಲಿಲ್ಲ. ಕಿಟಕಿಯಾಚೆ ನೋಡುತ್ತ ಒಮ್ಮೆ ನನಗೆ ಮಾತ್ರ ಕೇಳುವಂತೆ ಅಂದಳು. "ಇಷ್ಟೇ ದೂರ ನೋಡು." ತವರಿನಲ್ಲಿ ಅವಳ ತಾಯಿ, ಅಪ್ಪ ಕೊನೆಕೊನೆಗೆ ತಲೆಯನ್ನು ಬಾಗಿಲ ಕಡೆಗೇ ತಿರುಗಿಸಿ ಮಲಗಿಸು ಅನ್ನುತ್ತಿದ್ದ ಎಂದು ಹೇಳಿದಳು. ಅವನು ಅಂಪೈರ್ ನಿಲ್ಲುತ್ತಿದ್ದ ಟೀಮುಗಳ ಹುಡುಗರು ಬಂದು ಸಾಲಾಗಿ ನಿಂತಿದ್ದರು. ಅವರಲ್ಲೊಬ್ಬ ಅತ್ತಿಗೆಯನ್ನು ಕಂಡು, ನಿಮ್ಮ ಮಾತೇ ಆಡ್ತಿದ್ರು ಅಕ್ಕಾ ಅಂದ. ಆಗ ಅತ್ತಳು...

ಆಮೇಲೆ ಆ ಕಡೆಯವರ ಸಂಬಂಧದಲ್ಲೇ ನನ್ನನ್ನು ಕಲ್ಯಾಣದುರ್ಗಕ್ಕೆ ಕೊಟ್ಟರು. ಅಮ್ಮ ತೀರಿಕೊಂಡಳು. ಕೈಮಗ್ಗ ಹೋಗಿ ಪವರ್‌ಲೂಮ್ ಬಂತು, ಕುಣಿಗೆ ಮಣ್ಣು ತುಂಬಿ ಸಿಮೆಂಟು ಹಾಕಿದರು. ಅತ್ತಿಗೆ ಮಗಳೊಬ್ಬಳನ್ನು ಓದಿಸಿದಳು. ಆ ಮ್ಯಾಚಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಈ ವರ್ಷ ಕಾಯಿಲೆ ಬಂದು, ಆಸ್ಪತ್ರೆಯಿಂದ ಮನೆಗೆ, ಮನೆಯಿಂದ ಆಸ್ಪತ್ರೆಗೆ ಅಲೆದು, ಕೊನೆಗೆ ಹೋಗಿಬಿಟ್ಟಳು.

ಸೀರೆ ಕಳಿಸಿದ ಮೇಲೆ, ಹೋದ ವಾರ ಅಣ್ಣನೇ ನಮ್ಮಲ್ಲಿಗೆ ಬಂದಿದ್ದ. ಸೊರಗಿದ್ದಾನೆ. ಅಕ್ಕಪಕ್ಕದವರು ಮಾತಾಡಿಸಲು ಬಂದು ಕೂತರು. ಅವನು ಅವಳ ಬಗ್ಗೆಯೇ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಆ ಮ್ಯಾಚಿಗೆ ಬಂದ. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಬೆಳಕು ಬಂತು.

"ಊರೆಲ್ಲ ಔಟು ಅಂತಿತ್ತು. ಇವಳೊಬ್ಬಳು ಅಲ್ಲ ಅಂದ್ಬುಟ್ಳು. ನನ್ನ ಬಿಟ್ಟು ಒಂದಿನ ತವರಾಗೆ ಇರಕ್ಕೂ ಆಯ್ತಿರ್ಲಿಲ್ಲ ಅವಳಿಗೆ. ಈವಾಗ ನೋಡಿ ಹೆಂಗೆ ಬಿಟ್ಟು ಹೋದ್ಳು." ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ. "ನೀನೂ ಅಲ್ಲೇ ಇದ್ದೆಯಲ್ಲಮ್ಮ. ಹೇಳು. ಅಲ್ವಾ?"

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಕಂಡದ್ದನ್ನು ಕಂಡಂತೆ ಹೇಳಿ ಅವಳು ಆ ಬಸ್ಸು ಕಳೆದುಕೊಂಡ ಸಂಗತಿ ಗೊತ್ತಿದ್ದವಳು ಅವಳನ್ನು ಬಿಟ್ಟರೆ ನಾನೊಬ್ಬಳೇ. ಅಣ್ಣನಿಗೆ ಈಗ ಉಳಿದಿರುವುದು ಆ ಒಂದು ನೆನಪು.

"ಹೂಂ ಅಣ್ಣ," ಅಂದೆ.